ಗೋಡೆಯ ಮೇಲಿನ ಮಾತೂ ಕೊಡದೊಳಗಿನ ನೀರೂ

(ಕುಷ್ಟಗಿಯಲ್ಲಿ ಗಿರಣಿ ಕೆಲಸಗಾರರು, ಹಮಾಲರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ದಿನವೆಲ್ಲ ದುಡಿದು, ಅಂಗಡಿಯ ಬಾಗಿಲು ಹಾಕಿಕೊಂಡು ನೀವು ಇಲ್ಲಿಗೆ ಬಂದಿದ್ದೀರಿ. ಬಹಳ ಹೊತ್ತು ಕೂಡಿಸುವುದಿಲ್ಲ. ಕೂಲಿಯ ದರ, ಪೇಟೆಯ ತೆರಿಗೆ ಇವುಗಳ ವಿಚಾರ ನಾವು ಅನೇಕ ಸಲ ಮಾತಾಡಿದ್ದೇವೆ. ಇವೊತ್ತು ಎತ್ತಿಕೊಂಡಿರುವುದು ಅವೆರಡರ ಸಮೀಪದ ನೆಂಟನಾದ ಇನ್ನೊಂದು ವಿಚಾರ. ದವಾಖಾನೆಯ ಗೋಡೆಯ ಮೇಲೆ, ಬಸ್ಸಿನ ಬೆನ್ನ ಮೇಲೆ, ರೇಡಿಯೋದಲ್ಲಿ, ಕೈಯಲ್ಲಿರುವ ಮೊಬೈಲಿನಲ್ಲಿ ದಿನಬೆಳಗಾದರೆ ನಮಗೆ ಬುದ್ಧಿಮಾತು ಬರುತ್ತದೆ. ನೀರು ಕಾಯಿಸಿ ಕುಡಿಯಿರಿ, ಕೈ ತೊಳೆಯಿರಿ, ಬಯಲಿಗೆ ಹೋಗಬೇಡಿ, ಹೆರಿಗೆಗೆ ದವಾಖಾನೆಗೆ ಬನ್ನಿ, ತಂಬಾಕು ಬಿಡಿ. ಈ ಮಾತುಗಳು ಒಳ್ಳೆಯವೇ. ಆದರೂ ಕೆಲವು ಮಾತು ಜನರ ನಡತೆಯನ್ನು ಬದಲಿಸುತ್ತವೆ. ಕೆಲವು ಗೋಡೆಯ ಸುಣ್ಣದ ಜೊತೆಗೇ ಉದುರಿಹೋಗುತ್ತವೆ. ಇದು ಏಕೆ ಹೀಗೆ?

ಮೇಲಿನವರ ಬಳಿ ಇದಕ್ಕೆ ಸಿದ್ಧವಾದ ಉತ್ತರವಿದೆ: ಜನ ಅಜ್ಞಾನಿಗಳು, ಹೇಳಿದರೆ ಕೇಳುವುದಿಲ್ಲ. ಓದಿದವರೂ ತಲೆಯಾಡಿಸಿ ಇದನ್ನು ಒಪ್ಪುತ್ತಾರೆ. ಬಹಳ ಅನುಕೂಲವಾದ ಉತ್ತರ ಇದು. ರೋಗ ಬಂದರೆ ತಪ್ಪು ರೋಗಿಯದು. ಗೋಡೆಗೆ ಬಣ್ಣ ಬಳಿಸಿದ ಮೇಲೆ ಸರಕಾರದ ಕರ್ತವ್ಯ ತೀರಿತು! ಆದರೆ ಈ ಉತ್ತರ ನಿಜವೋ ಸುಳ್ಳೋ ಎಂದು ಮನೆಮನೆಗೆ ಹೋಗಿ ಒರೆಗೆ ಹಚ್ಚಿ ನೋಡಿದವರು ನಮ್ಮ ನಾಡಿನಲ್ಲೇ ಇದ್ದಾರೆ. ಅವರು ಕಂಡದ್ದನ್ನು ಮೊದಲು ನಿಮ್ಮ ಮುಂದಿಡುತ್ತೇವೆ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಹಳ್ಳಿಯವನಿಗೆ ಕೆಮ್ಮು ಹತ್ತಿದರೆ ಅದು ರೋಗವೆಂದೇ ತಿಳಿಯುವುದಿಲ್ಲ, ಅವನನ್ನು ಹುಡುಕಿಕೊಂಡೇ ಹೋಗಬೇಕು ಎಂಬುದು ಆಗ ಅನೇಕ ತಜ್ಞರ ನಂಬಿಕೆಯಾಗಿತ್ತು. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯಲ್ಲಿ ಒಂದು ಕೆಲಸ ಮಾಡಿದರು. ತಪಾಸಣೆಯಲ್ಲಿ ಕ್ಷಯ ಕಂಡುಬಂದವರ ಮನೆಗೆ ಜನ ಕಳಿಸಿ, ನಿಮಗೇನು ತೊಂದರೆ, ಅದಕ್ಕೆ ನೀವೇನು ಮಾಡಿದಿರಿ ಎಂದು ಕೇಳಿಸಿದರು. ಅದರ ವರದಿ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಏನಿತ್ತು? ರೋಗಿಗಳಲ್ಲಿ ಹತ್ತಿರಹತ್ತಿರ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂದು ಗೊತ್ತಿತ್ತು. ಹೆಚ್ಚಿನವರು ಚಿಂತೆಗೆ ಬಿದ್ದಿದ್ದರು. ಅರ್ಧದಷ್ಟು ಮಂದಿ ಆಗಲೇ ದವಾಖಾನೆಯ ಮೆಟ್ಟಿಲು ಹತ್ತಿ ಬಂದಿದ್ದರು! ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಕಫ ಪರೀಕ್ಷಿಸುವವರು ಇರಲಿಲ್ಲ.

ನೋಡಿರಿ ಬಂಧುಗಳೇ, ಅಜ್ಞಾನ ಎಲ್ಲಿತ್ತು? ರೋಗಿ ಎದ್ದು ಬಂದಿದ್ದ. ದವಾಖಾನೆಗೆ ಅವನು ಬಂದದ್ದು ತಿಳಿದಿರಲಿಲ್ಲ. ದೇಶದ ಕ್ಷಯರೋಗ ಕಾರ್ಯಕ್ರಮ ಆರಂಭವಾದದ್ದು 1962ರಲ್ಲಿ. ಸಾಮಾನ್ಯ ದವಾಖಾನೆಗಳಲ್ಲೇ, ಕೆಮ್ಮಿಕೊಂಡು ತಾನಾಗಿ ಬಂದವನ ಕಫವನ್ನು ಪರೀಕ್ಷಿಸಬೇಕೆಂಬ ಅದರ ಮೂಲತತ್ವಕ್ಕೆ ತುಮಕೂರಿನ ಈ ಬಡವರ ಉತ್ತರಗಳು ಆಧಾರವಾದವು. ಜನರಿಗೆ ಹೇಳುವ ಮೊದಲು ಜನರನ್ನು ಕೇಳಬೇಕು ಎಂಬ ಪಾಠ ಇಲ್ಲಿದೆ.

ಹಾಗಾದರೆ ಪ್ರಚಾರವೇ ಬೇಡವೆ? ಹಾಗೆ ನಾವು ಹೇಳುವುದಿಲ್ಲ. ಮಾತು ಗೆದ್ದ ಒಂದು ಕಥೆಯನ್ನೂ ಕೇಳಿರಿ. ಅದು ನಮ್ಮ ಸೀಮೆಯದೇ.

ನಾರುಹುಣ್ಣು ಎಂದರೆ ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ಕಾಲಿನಲ್ಲಿ ಗುಳ್ಳೆ ಎದ್ದು, ಒಡೆದು, ಎರಡು ಮೂರು ಅಡಿ ಉದ್ದದ ಬಿಳಿಯ ದಾರದಂಥ ಹುಳ ಹೊರಬರುವುದು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಷ್ಟು ಎಳೆಯುವುದು; ಹರಿದರೆ ಕಾಲು ಬಾತು ತಿಂಗಳುಗಟ್ಟಲೆ ಹಾಸಿಗೆ. ಬಿತ್ತನೆಯ ಕಾಲಕ್ಕೆ ಸರಿಯಾಗಿ ರೈತನೂ ಕೂಲಿಯವನೂ ಮಲಗಿಬಿಡುತ್ತಿದ್ದರು. ಈ ಹುಳದ ಮರಿ ಮೆಟ್ಟಿಲು ಬಾವಿಯ ನೀರಿನಲ್ಲಿ, ಕಣ್ಣಿಗೆ ಕಾಣುವುದೇ ಕಷ್ಟವಾದ ಒಂದು ನೀರುಚಿಗಟದ ಹೊಟ್ಟೆಯಲ್ಲಿ ಇರುತ್ತದೆ. ನೀರು ಕುಡಿದವನ ಮೈಯಲ್ಲಿ ಸುಮಾರು ಒಂದು ವರ್ಷ ಬೆಳೆದು ಕಾಲಿನಿಂದ ಹೊರಬರುತ್ತದೆ. ಆ ಕಾಲನ್ನು ಅವನು ಮತ್ತೆ ಬಾವಿಗೆ ಇಳಿಸಿದರೆ ಸಾವಿರಾರು ಮರಿಗಳು ನೀರು ಸೇರುತ್ತವೆ. ಇದಕ್ಕೆ ಔಷಧವಿಲ್ಲ, ಲಸಿಕೆಯೂ ಇಲ್ಲ.

ಕರ್ನಾಟಕದ ಉತ್ತರದ ಬಯಲುಸೀಮೆ ಈ ರೋಗದ ನೆಲೆಯಾಗಿತ್ತು. ಕುಷ್ಟಗಿ ಅಂದು ಸೇರಿದ್ದ ರಾಯಚೂರು ಜಿಲ್ಲೆಯೂ ಅದರಲ್ಲಿ ಒಂದು. 1984ರಲ್ಲಿ ದೇಶದ 7 ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳು ಲೆಕ್ಕಕ್ಕೆ ಸಿಕ್ಕರು. ನಿರ್ಮೂಲನ ಕಾರ್ಯಕ್ರಮ ಆರಂಭವಾಗಿ, 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕೊನೆಯ ರೋಗಿ ಕಂಡುಬಂದದ್ದೇ ಕಡೆ. 2000ದ ಫೆಬ್ರುವರಿಯಲ್ಲಿ ಭಾರತವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಮದ್ದೇ ಇಲ್ಲದ ರೋಗವನ್ನು ದೇಶದಿಂದ ಓಡಿಸಿದ್ದು ಹೇಗೆ?

ಎರಡು ಮಾತು ಹೇಳಿದರು: ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಣ್ಣಿದ್ದವರು ಬಾವಿಗೆ ಇಳಿಯಬೇಡಿರಿ. ಈ ಮಾತಿಗೆ ಬೇಕಾದ ಬಟ್ಟೆ ಎಲ್ಲರ ಮನೆಯಲ್ಲೂ ಇತ್ತು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ಜನ ನೋಡಬಹುದಿತ್ತು. ಅಷ್ಟಕ್ಕೇ ಬಿಡಲಿಲ್ಲ. ಇಳಿಯುವ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿದರು, ಬಾವಿಗೆ ಔಷಧ ಹಾಕಿದರು, ಬೋರು ಕೊರೆದು ಕೈಪಂಪು ಹಾಕಿದರು, ಊರೂರು ತಿರುಗಿ ರೋಗಿಗಳನ್ನು ಎಣಿಸಿದರು. ಹೇಳಿದ ಮಾತನ್ನು ಪಾಲಿಸಲು ಬೇಕಾದ ವಸ್ತು ಕೈಗೆಟುಕುವಂತೆ ಇತ್ತು. ಆದ್ದರಿಂದ ಮಾತು ಗೆದ್ದಿತು. ಅದೇ ಅಕ್ಷರ ಬಾರದ ಜನ, ಅದೇ ಹಳ್ಳಿಗಳು, ಅಜ್ಞಾನ ಅಡ್ಡಬರಲಿಲ್ಲ.

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಇಂದಿನ ಕುಷ್ಟಗಿಯ ನೀರಿನ ಕಡೆಗೆ ಬರೋಣ. ನಾರುಹುಳದಿಂದ ನಮ್ಮನ್ನು ಉಳಿಸಿದ ಬೋರಿನ ನೀರೇ ಇನ್ನೊಂದು ಕಷ್ಟ ತಂದಿತು. ನಮ್ಮ ಕೆಳಗಿರುವುದು ಗ್ರಾನೈಟು ಬಂಡೆ. ಆಳಕ್ಕೆ ಹೋದಂತೆ ಬಂಡೆಯೊಳಗಿನ ಫ್ಲೋರೈಡು ನೀರಿನಲ್ಲಿ ಕರಗಿ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲವಾದರೆ 1.5ರವರೆಗೆ ತಡೆದುಕೊಳ್ಳಬಹುದು ಎಂದು ಸರಕಾರದ ಮಾನದಂಡ ಹೇಳುತ್ತದೆ. ನಮ್ಮ ತಾಲೂಕಿನ ಅನೇಕ ಊರುಗಳ ಬೋರು ಈ ಗೆರೆಯನ್ನು ದಾಟಿವೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ನೋಡಿದ್ದೀರಿ. ವರ್ಷಾನುಗಟ್ಟಲೆ ಕುಡಿದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ.

ಇಂಥ ಊರಿನಲ್ಲಿ ಗೋಡೆ ಹೇಳುತ್ತದೆ: ನೀರು ಕಾಯಿಸಿ ಕುಡಿಯಿರಿ. ಕಾಯಿಸಿದರೆ ವಾಂತಿಭೇದಿಯ ಕ್ರಿಮಿ ಸಾಯುವುದು ನಿಜ. ಆದರೆ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬುದ್ಧಿಮಾತನ್ನು ನಂಬಿ ಸೌದೆ ಸುಟ್ಟ ತಾಯಿ ಒಂದು ರೋಗಕ್ಕೆ ಬಾಗಿಲು ಹಾಕಿದಳು, ಇನ್ನೊಂದಕ್ಕೆ ಬಾಗಿಲು ತೆರೆದೇ ಇದೆ. ಎಲ್ಲ ಊರಿಗೂ ಒಂದೇ ಅಚ್ಚಿನ ಮಾತು ಬರೆಸಿದರೆ ಆಗುವುದು ಹೀಗೆ. ಇಲ್ಲಿ ಬೇಕಾದ ಮಾತು ಬೇರೆ: ಈ ಬೋರಿನ ನೀರು ಕುಡಿಯಲು ಬರುತ್ತದೆ, ಆ ಬೋರಿನದು ಬಳಸಲು ಮಾತ್ರ. ಈ ಮಾತನ್ನು ಹೇಳಬೇಕಾದರೆ ಮೊದಲು ನೀರನ್ನು ಪರೀಕ್ಷಿಸಬೇಕು. ಕುಡಿಯುವ ಬೇರೆ ನೀರನ್ನು ತಂದುಕೊಡಬೇಕು. ಬಣ್ಣದ ಡಬ್ಬಿಗಿಂತ ಇದರ ಖರ್ಚು ಹೆಚ್ಚು. ನಮ್ಮ ಪ್ರಕಾರ ಇಲ್ಲಿಯ ಗಂಟು ಇದೇ.

2023ರ ಜೂನಿನಲ್ಲಿ ನಮ್ಮ ತಾಲೂಕಿನ ಬಿಜಕಲ್ಲಿನಲ್ಲಿಯೂ ಕನಕಗಿರಿ ತಾಲೂಕಿನ ಬಸರಿಹಾಳದಲ್ಲಿಯೂ ವಾಂತಿಭೇದಿ ಎದ್ದು ಸಾವುಗಳಾದವು. ಕುಡಿಯುವ ನೀರು ಕೆಟ್ಟಿದೆಯೆಂಬ ದೂರು ಎದ್ದಿತು. ಕೈ ತೊಳೆಯುವ ಪಾಠವನ್ನು ಆ ಊರಿನ ಮಕ್ಕಳು ಶಾಲೆಯಲ್ಲಿ ಓದಿಯೇ ಇದ್ದಿರಬೇಕು. ನಲ್ಲಿಯ ನೀರೇ ನಂಬಿಕೆಗೆಟ್ಟರೆ ಪಾಠ ಏನು ಮಾಡೀತು?

ಇಂಥ ಹೊತ್ತಿನಲ್ಲಿ ಕೈಗೆಟುಕುವ ಒಂದು ಒಳ್ಳೆಯ ಮಾತು ಇದೆ. ಅದನ್ನು ನೀವೆಲ್ಲ ನೆನಪಿಡಬೇಕು. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು ಸಕ್ಕರೆಯ ನೀರು ಕುಡಿಸಿ ಅಸಂಖ್ಯ ಜೀವ ಉಳಿಸಿದರು. ಒಂದು ಲೀಟರು ಶುದ್ಧ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡನ್ನೂ ಚಮಚದ ಅಂಚಿಗೆ ಸಮಮಾಡಿ ಅಳೆದು ಹಾಕಬೇಕು. ಭೇದಿಯಾಗುವ ಮಗುವಿಗೆ ನೀರು ನಿಲ್ಲಿಸಬಾರದು. ಇದನ್ನು ಮತ್ತೆ ಮತ್ತೆ ಕುಡಿಸುತ್ತ ದವಾಖಾನೆಗೆ ಒಯ್ಯಬೇಕು. ಸಕ್ಕರೆ, ಉಪ್ಪು ಎರಡೂ ನಮ್ಮ ಅಂಗಡಿಯಲ್ಲೇ ಇವೆ. ಅಂಗಡಿಕಾರ ಬಂಧುಗಳೇ, ಮಳೆಗಾಲದಲ್ಲಿ ಸಕ್ಕರೆ ಕಟ್ಟಿಕೊಡುವಾಗ ಈ ಅಳತೆಯನ್ನು ಗಿರಾಕಿಗೆ ಬಾಯಿಮಾತಿನಲ್ಲಿ ಹೇಳಿದರೆ ಅದು ಯಾವ ಫಲಕಕ್ಕಿಂತಲೂ ಮೇಲು.

ಇನ್ನು ತಾಯಂದಿರ ವಿಷಯ. ಹೆರಿಗೆಗೆ ದವಾಖಾನೆಗೆ ಬನ್ನಿ ಎಂಬುದು ಸರಿಯಾದ ಮಾತು. ಬೆಂಗಳೂರಿನ ಭಾರತೀಯ ಆಡಳಿತ ಸಂಸ್ಥೆಯ ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಅವರ ಜೊತೆಗಾರರು ನಮ್ಮ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಬಾಣಂತಿಯರ ಸಾವುಗಳನ್ನು ಕುರಿತು 2005ರಲ್ಲಿ ಆಶಾ ಜಾರ್ಜ್ ಅವರೊಡನೆ ಬರೆದರು. ಅವರು ಕಂಡದ್ದೂ ತುಮಕೂರಿನ ಕಥೆಯೇ. ಸತ್ತವರ ಮನೆಯವರು ಸುಮ್ಮನೆ ಕೈಕಟ್ಟಿ ಕುಳಿತಿರಲಿಲ್ಲ. ಒಬ್ಬರಿಂದ ಒಬ್ಬರ ಬಳಿಗೆ ಅಲೆದಿದ್ದರು. ಹೋದ ಕಡೆ ತಕ್ಕ ಚಿಕಿತ್ಸೆ ಸಿಗಲಿಲ್ಲ. ಬಾ ಎಂದು ಕರೆದ ಮೇಲೆ ಬಂದವರಿಗೆ ವೈದ್ಯರೂ ರಕ್ತವೂ ವಾಹನವೂ ಸಿಗಬೇಕು. ಸಿಗದಿದ್ದರೆ ಮುಂದಿನ ಸಲ ಆ ಓಣಿಯ ಯಾವ ಅತ್ತೆ ತನ್ನ ಸೊಸೆಯನ್ನು ನಂಬಿ ಕಳಿಸಿಯಾಳು? ಒಮ್ಮೆ ಕೈಕೊಟ್ಟ ಮಾತು ಹತ್ತು ಒಳ್ಳೆಯ ಮಾತುಗಳ ಬಾಯಿ ಮುಚ್ಚಿಸುತ್ತದೆ.

ನಂಬಿಕೆಯ ಮಾತು ಬಂತು. ಮಾತನ್ನು ಯಾರು ಹೇಳುತ್ತಾರೆ ಎಂಬುದೂ ಅಷ್ಟೇ ಮುಖ್ಯ. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯನ್ನು ನಮ್ಮ ಪಕ್ಷದ ಹಿರಿಯರು ಮರೆತಿಲ್ಲ. ಕುಟುಂಬಯೋಜನೆಯ ಕೆಂಪು ತ್ರಿಕೋಣದ ಚಿತ್ರವನ್ನು ಸರಕಾರ ಅದಕ್ಕೂ ಮೊದಲೇ ಊರೂರಿಗೆ ಮುಟ್ಟಿಸಿತ್ತು. ಚಿತ್ರ ಒಳ್ಳೆಯದೇ ಇತ್ತು. ಆದರೆ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳನ್ನು ಮಾಡಿದರು. ಅನೇಕ ಕಡೆ ಬಲವಂತದಿಂದ, ರೇಷನ್ನಿನ, ಸಂಬಳದ ಬೆದರಿಕೆಯಿಂದ. ಜನ 1977ರ ಚುನಾವಣೆಯಲ್ಲಿ ಉತ್ತರ ಕೊಟ್ಟರು. ಹೆದರಿಕೆಯಿಂದ ಒಂದು ದಿನದ ಕೆಲಸ ಮಾಡಿಸಬಹುದು. ಮರುದಿನ ದವಾಖಾನೆಯ ಜೀಪು ಕಂಡರೆ ಜನ ಹೊಲಕ್ಕೆ ಓಡುತ್ತಾರೆ.

ಭಾಷೆಯ ಮಾತೂ ಇಲ್ಲಿಯೇ ಬರುತ್ತದೆ. 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮನ ಸಂಸ್ಥಾನದಲ್ಲಿದ್ದೆವು. ಸರಕಾರದ ಮಾತು ಉರ್ದುವಿನಲ್ಲಿ ಬರುತ್ತಿತ್ತು. ಈಗ ಬರುವುದು ಕನ್ನಡವೇ. ಆದರೆ ಎಂಥ ಕನ್ನಡ? ಕಚೇರಿಯಲ್ಲಿ ಹುಟ್ಟಿ ಕಚೇರಿಯಲ್ಲೇ ಸಾಯುವ ಕನ್ನಡ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ. 68ರಷ್ಟಿತ್ತು, ಹೆಂಗಸರಲ್ಲಿ ಶೇ. 60ಕ್ಕಿಂತಲೂ ಕಡಿಮೆ. ಮನೆಯ ನೀರು ತರುವವಳು, ಮಗುವಿಗೆ ಉಣಿಸುವವಳು ಹೆಂಗಸು. ಅವಳಿಗೆ ಹೇಳಬೇಕಾದ ಮಾತನ್ನು ಅವಳು ಓದಲಾರದ ಗೋಡೆಯ ಮೇಲೆ ಬರೆಸುತ್ತೇವೆ. ಅವಳು ಕೇಳುವುದು ಬಾಗಿಲಿಗೆ ಬಂದು "ಯಕ್ಕಾ, ಕೂಸಿಗೆ ಸೂಜಿ ಹಾಕಿಸಿದ್ಯಾ?" ಎಂದು ಕೇಳುವ ಅದೇ ಓಣಿಯ ಆಶಾ ಕಾರ್ಯಕರ್ತೆಯ ಮಾತನ್ನು. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸರಕಾರ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು. ಪರಿಚಯದ ಬಾಯಿಗೆ ಮಾತು ಕೊಟ್ಟಿತು. ಆದರೆ ಆ ಬಾಯಿಗೆ ಕೊಡುವುದೇನು? ಅವಳನ್ನು ನೌಕರಳೆಂದು ಒಪ್ಪದೆ ಗೌರವಧನದ ಲೆಕ್ಕದಲ್ಲಿಟ್ಟರು. 2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತು ತಮ್ಮ ದುಡಿಮೆಯ ಬೆಲೆ ಕೇಳಬೇಕಾಯಿತು. ಊರಿನ ಆರೋಗ್ಯವನ್ನು ಕೇಳುತ್ತ ತಿರುಗುವವಳ ಹೊಟ್ಟೆಯನ್ನು ಯಾರೂ ಕೇಳದಿದ್ದರೆ ಅವಳ ಮಾತಿಗೆ ಬಲ ಎಲ್ಲಿಂದ ಬರಬೇಕು?

ಬರೀ ಸರಕಾರದ ಕಡೆ ಬೆರಳು ತೋರಿಸಿ ನಾವು ಇಳಿದುಹೋಗುವುದು ನ್ಯಾಯವಲ್ಲ. ಪೇಟೆಯ ಮಿತ್ರರಿಗೆ ಒಂದು ಕಹಿ ಮಾತು. ಬೀಡಿ ಸಿಗರೇಟಿನ ಪೊಟ್ಟಣದ ಶೇ. 85 ಭಾಗದಲ್ಲಿ ರೋಗದ ಚಿತ್ರ ಇರಬೇಕೆಂಬ ನಿಯಮ 2016ರಲ್ಲಿ ಬಂತು. ಚಿತ್ರಕ್ಕೆ ಅಕ್ಷರ ಬೇಕಿಲ್ಲ. ಯಾರು ನೋಡಿದರೂ ಎದೆ ಝಲ್ಲೆನ್ನುತ್ತದೆ. ಆದರೆ ಪೊಟ್ಟಣ ಅಂಗಡಿಯ ಗಲ್ಲೆಯ ಹತ್ತಿರ ಉಳಿಯುತ್ತದೆ, ಹಮಾಲನ ಕೈಗೆ ಹೋಗುವುದು ಒಂದೊಂದೇ ಬೀಡಿ. ಚಿತ್ರವನ್ನು ನೋಡುವವನು ಮಾರುವವನು, ಸುಡುವವನು ಬೇರೆಯವನು! ಬಿಡಿಯಾಗಿ ಮಾರಬಾರದು, 21 ವರ್ಷ ತುಂಬದವರಿಗೆ ಮಾರಬಾರದು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದಿದೆ. ಸಣ್ಣ ಅಂಗಡಿಯವನಿಗೆ ಅದರಲ್ಲಿ ನಾಲ್ಕು ಕಾಸಿನ ಲಾಭವಿದೆ, ಬಿಡು ಎಂದರೆ ಕಷ್ಟವಾಗುತ್ತದೆ, ಅದನ್ನು ನಾವು ಬಲ್ಲೆವು. ದೊಡ್ಡ ಲಾಭ ಕಂಪನಿಯದು, ದಂಡ ಕಟ್ಟುವವನು ಗೂಡಂಗಡಿಯವನು ಎಂಬುದನ್ನೂ ಬಲ್ಲೆವು. ಆದರೂ ಶಾಲೆಯ ಹುಡುಗನ ಕೈಗೆ ಕೊಡುವುದಿಲ್ಲ ಎಂಬಷ್ಟನ್ನು ನಾವೇ ಹಟಹಿಡಿದು ಮಾಡಬಹುದು.

ಗಿರಣಿಯ ಬಂಧುಗಳೇ, ನಿಮಗೂ ಒಂದು ಮಾತು. ಹತ್ತಿಯ ದೂಳು, ಅಕ್ಕಿ ಹೊಟ್ಟಿನ ದೂಳು ಕುಡಿದು ಕುಡಿದು ಕೆಮ್ಮು ನಮಗೆ ಮನೆಯ ಮಗನಂತಾಗಿದೆ. ದೂಳಿನ ಕೆಮ್ಮೆಂದು ಸುಮ್ಮನಿರಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಸರಕಾರಿ ದವಾಖಾನೆಯಲ್ಲಿ ಕಫ ಪರೀಕ್ಷೆ ಪುಕ್ಕಟೆ, ಕ್ಷಯವಿದ್ದರೆ ಔಷಧವೂ ಪುಕ್ಕಟೆ. ಚಿಕಿತ್ಸೆಯಲ್ಲಿರುವವರಿಗೆ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರಿನಿಂದ ಅದನ್ನು 1,000 ಮಾಡಿದ್ದಾರೆ. ಕೇಳಿ ಪಡೆಯಿರಿ. ಆದರೆ ಒಬ್ಬ ಕೂಲಿಯವನು ಪರೀಕ್ಷೆಗೆ ಹೋಗಬೇಕಾದರೆ ಒಂದು ದಿನದ ಪಗಾರ ಹೋಗುತ್ತದೆ. ಅವನಿಗೆ ಕ್ಷಯದ ಭಯಕ್ಕಿಂತ ಶನಿವಾರದ ಬಟವಾಡೆಯ ಭಯ ಹೆಚ್ಚು. ಆದುದರಿಂದ ತಪಾಸಣೆಗೆ ಹೋದ ದಿನದ ಪಗಾರವನ್ನು ಕಡಿಯಬಾರದು ಎಂಬ ಬೇಡಿಕೆ ಆರೋಗ್ಯ ಪ್ರಚಾರದ ಭಾಗವೇ. ದೂಳು ಹೀರುವ ಫ್ಯಾನು, ಮುಖಕ್ಕೆ ಮುಸುಕು ಇವೂ ಅಷ್ಟೇ.

ಡಾ. ರಾಮಮನೋಹರ ಲೋಹಿಯಾ ಅವರು ಹಳ್ಳಿಯ ಹೆಂಗಸರ ಪಾಯಿಖಾನೆಯನ್ನೂ ಕುಡಿಯುವ ನೀರನ್ನೂ ರಾಜಕೀಯದ ವಿಷಯವೆಂದು ಎತ್ತಿದಾಗ ನಕ್ಕವರಿದ್ದರು. ಆರೋಗ್ಯದ ಮಾತು ಬರೀ ಬೋಧನೆಯಿಂದ ನಡೆಯುವುದಿಲ್ಲ, ಬೋಧನೆಯ ಹಿಂದೆ ನೀರು, ಕೂಲಿ, ದವಾಖಾನೆ ನಿಲ್ಲಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು.

ಆದುದರಿಂದ ಈ ಸಭೆಯ ಮುಂದೆ ನಾವಿಡುವ ಕೆಲಸಗಳು ಇವು. ಪ್ರತಿ ಹಳ್ಳಿಯಲ್ಲಿ 5 ಮಂದಿ ಹೆಂಗಸರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದು 2019ರಲ್ಲಿ ಆರಂಭವಾದ ಜಲಜೀವನ ಮಿಷನ್ನೇ ಹೇಳುತ್ತದೆ. ನಿಮ್ಮ ನಿಮ್ಮ ಊರಿನಲ್ಲಿ ಆ ಐವರು ಯಾರು, ಪರೀಕ್ಷೆಯ ಪೆಟ್ಟಿಗೆ ಎಲ್ಲಿದೆ ಎಂದು ಪಂಚಾಯತಿಯನ್ನು ಕೇಳಿರಿ. ಪ್ರತಿ ಬೋರಿನ, ಪ್ರತಿ ನಲ್ಲಿಯ ಫಲಿತಾಂಶವನ್ನು ಅಲ್ಲಿಯೇ, ಓದಬಾರದವರಿಗೂ ತಿಳಿಯುವಂತೆ ಬಣ್ಣದಲ್ಲಿ ಬರೆಸಬೇಕೆಂದು ಹಟಹಿಡಿಯಿರಿ. ಗೋಡೆಬರಹಕ್ಕೆ ನಾವು ವಿರೋಧಿಗಳಲ್ಲ. ಗೋಡೆ ನಮ್ಮ ಊರಿನ ನೀರಿನ ಸತ್ಯವನ್ನು ಹೇಳಲಿ. ಶುದ್ಧ ನೀರಿನ ಘಟಕ ಕೆಟ್ಟುನಿಂತರೆ ಎಷ್ಟು ದಿನ ನಿಂತಿತೆಂದು ದಿನಾಂಕ ಬರೆದಿಡಿರಿ. ಸುಮ್ಮನೆ ಬೈಯುವುದಕ್ಕಿಂತ ಬರೆದ ಲೆಕ್ಕಕ್ಕೆ ಅಧಿಕಾರಿ ಹೆಚ್ಚು ಹೆದರುತ್ತಾನೆ. ಇನ್ನು ಮುಂದೆ ಯಾರಾದರೂ ಬಂದು ಹೀಗೆ ಮಾಡಿ ಎಂದು ಬುದ್ಧಿ ಹೇಳಿದರೆ, ಗೌರವದಿಂದ ಕೂಡಿಸಿ, ಚಹಾ ಕೊಟ್ಟು, ಒಂದೇ ಪ್ರಶ್ನೆ ಕೇಳಿರಿ: "ಮಾಡ್ತೀವ್ರೀ ಸಾಹೇಬ್ರ, ಮಾಡಾಕ ಏನ್ ಕೊಡ್ತೀರಿ?"

ಆ ಪ್ರಶ್ನೆಗೆ ಉತ್ತರ ಸಿಕ್ಕ ಊರಿನಲ್ಲಿ ನಾರುಹುಣ್ಣು ಹೋಯಿತು. ಸಿಗದ ಊರಿನಲ್ಲಿ ಮಕ್ಕಳ ಹಲ್ಲು ಇನ್ನೂ ಕಂದಾಗುತ್ತಿದೆ.